ಫಿಗರ್ ಸ್ಕೇಟಿಂಗಿನ ಪ್ರೇಕ್ಷಕ : ಒಂದು ವಿವೇಚನೆ

೧

ಓಟದ ಪಂದ್ಯದಲ್ಲಿ ಗೆದ್ದವರು ಯಾರೆಂಬುದನ್ನು ಗಡಿಯಾರ ಹೇಳುತ್ತದೆ. ಎತ್ತರ ಜಿಗಿತದಲ್ಲಿ ಅಡ್ಡಕೋಲು ಹೇಳುತ್ತದೆ. ಕಾಲ್ಚೆಂಡಿನ ಆಟದಲ್ಲಿ ಗೋಲುಗಳ ಸಂಖ್ಯೆ ಹೇಳುತ್ತದೆ. ಪ್ರೇಕ್ಷಕನು ಅಲ್ಲಿ ಹರ್ಷಿಸಬಹುದು, ಮರುಗಬಹುದು. ತೀರ್ಪು ಕೊಡುವ ಹೊಣೆ ಅವನ ಮೇಲಿಲ್ಲ. ಸಂಗೀತದ ಕಚೇರಿಯಲ್ಲಿ ಸ್ಥಿತಿ ಇದಕ್ಕೆ ವಿರುದ್ಧವಾದುದು. ಅಲ್ಲಿ ತೀರ್ಪೆಲ್ಲ ರಸಿಕನದೇ. ಆದರೆ ಅದನ್ನು ಯಾರೂ ಸಂಖ್ಯೆಯಲ್ಲಿ ಬರೆದುಕೊಳ್ಳುವುದಿಲ್ಲ, ಅದರಿಂದ ಯಾರಿಗೂ ಪದಕ ಸಲ್ಲುವುದೂ ಇಲ್ಲ. ಈ ಎರಡು ಲೋಕಗಳ ಗಡಿಯಲ್ಲಿ ನಿಂತಿರುವ ಕ್ರೀಡೆಗಳು ಕೆಲವುಂಟು. ಅವುಗಳಲ್ಲಿ ಫಿಗರ್ ಸ್ಕೇಟಿಂಗ್ ಅತ್ಯಂತ ವಿಚಾರಣೀಯವಾದುದು. ೬೦ ಮೀಟರು ಉದ್ದ, ೩೦ ಮೀಟರು ಅಗಲದ ಮಂಜುಗಡ್ಡೆಯ ಅಂಗಳ; ಅದರ ಮೇಲೆ ಒಬ್ಬ ಸ್ಪರ್ಧಿ ಅಥವಾ ಒಂದು ಜೋಡಿ; ಕೆಲವು ನಿಮಿಷಗಳ ಸಂಗೀತ; ಅಂಗಳದ ಬದಿಯಲ್ಲಿ ಸಾಲಾಗಿ ಕುಳಿತ ತೀರ್ಪುಗಾರರು. ಹೊರನೋಟಕ್ಕೆ ಕಾಣುವುದು ಇಷ್ಟೇ. ಇದನ್ನು ನೋಡಲು ಲಕ್ಷಾಂತರ ಜನ ರಾತ್ರಿಯೆಲ್ಲ ಎಚ್ಚರವಿರುತ್ತಾರೆಂದರೆ, ಇಪ್ಪತ್ತು ಮೂವತ್ತು ವರ್ಷಗಳ ಹಿಂದಿನ ಸ್ಪರ್ಧೆಯೊಂದರ ಫಲಿತಾಂಶವನ್ನು ಕುರಿತು ಇಂದಿಗೂ ವಾದಿಸುತ್ತಾರೆಂದರೆ, ಅದಕ್ಕೆ ಕಾರಣವೇನೆಂದು ವಿಚಾರಿಸುವುದು ಅನುಚಿತವಾಗಲಾರದು.

ನಮ್ಮ ನಾಡಿನ ಕೆರೆಗಳು ಹೆಪ್ಪುಗಟ್ಟುವುದಿಲ್ಲ. ಶಿಮ್ಲಾ ನಗರದಲ್ಲಿ ೧೯೨೦ರಲ್ಲಿಯೇ ಸಹಜವಾದ ಮಂಜುಗಡ್ಡೆಯ ಅಂಗಳವೊಂದು ಏರ್ಪಟ್ಟಿತಾದರೂ ಕನ್ನಡಿಗರಲ್ಲಿ ಬಹುಮಂದಿ ಈ ಕ್ರೀಡೆಯನ್ನು ಕಂಡಿರುವುದು ದೂರದರ್ಶನದ ತೆರೆಯ ಮೇಲೆ ಮಾತ್ರ. ಪ್ರಸ್ತುತ ಲೇಖಕನೂ ಅಂಥವರಲ್ಲೊಬ್ಬ. ಆದುದರಿಂದ ಇಲ್ಲಿರುವುದು ಆಡಿದವನ ಅನುಭವವಲ್ಲ, ನೋಡಿದವನ ವಿಚಾರ. ಚರಿತ್ರೆಯ ಅಧ್ಯಾಪಕನಿಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಲು ಇನ್ನೊಂದು ಕಾರಣವೂ ಉಂಟು. ಅದು ಮುಂದೆ ವಿಶದವಾಗುವುದು.

ಈ ಕ್ರೀಡೆಯ ಆಕರ್ಷಣೆಗೆ ಸಾಮಾನ್ಯವಾಗಿ ಮೂರು ಕಾರಣಗಳನ್ನು ಹೇಳುತ್ತಾರೆ. ಮೊದಲನೆಯದು ಸೌಂದರ್ಯ. ಇದು ನಿಜ; ಆದರೆ ಸಾಲದು. ಸ್ಪರ್ಧೆ ಮುಗಿದ ಮೇಲೆ ಅದೇ ಸ್ಪರ್ಧಿಗಳು ಅಂಕಗಳ ಭಯವಿಲ್ಲದೆ, ಬಣ್ಣದ ಬೆಳಕಿನಲ್ಲಿ ಪ್ರದರ್ಶನ ನೀಡುವ ವಾಡಿಕೆಯಿದೆ. ಸೌಂದರ್ಯ ಅಲ್ಲಿಯೂ ಇದೆ. ಆದರೂ ಪ್ರೇಕ್ಷಕನು ಉಸಿರು ಬಿಗಿಹಿಡಿದು ಕುಳಿತುಕೊಳ್ಳುವುದು ಸ್ಪರ್ಧೆಯ ದಿನವೇ. ಎರಡನೆಯದು ಅಪಾಯ. ಅಪಾಯವೇ ಆಕರ್ಷಣೆಯಾಗಿದ್ದರೆ ಸರ್ಕಸ್ಸಿನ ತಂತಿನಡಿಗೆ ಸಾಕಾಗಿತ್ತು. ಮೂರನೆಯದು ದೇಶಾಭಿಮಾನ. ಇದರ ಬಲವನ್ನು ಅಲ್ಲಗಳೆಯುವಂತಿಲ್ಲ. ಆದರೆ ಈ ಕ್ರೀಡೆಯಲ್ಲಿ ಒಲಿಂಪಿಕ್ ಪದಕಕ್ಕಾಗಿ ಸೆಣಸಿದ ಸ್ವದೇಶೀಯನನ್ನು ಎಂದೂ ಕಾಣದ ಭಾರತೀಯ ಪ್ರೇಕ್ಷಕನ ಆಸಕ್ತಿಯನ್ನು ಅದು ವಿವರಿಸಲಾರದು.

ನನ್ನ ಅಭಿಪ್ರಾಯ ಹೀಗಿದೆ. ಈ ಕ್ರೀಡೆ ಪ್ರೇಕ್ಷಕನನ್ನು ತೀರ್ಪುಗಾರನನ್ನಾಗಿ ಮಾಡುತ್ತದೆ; ಅಳೆಯಬಹುದಾದುದನ್ನೂ ಅಳೆಯಲಾಗದುದನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗೆಂದು ಅವನನ್ನು ಒತ್ತಾಯಿಸುತ್ತದೆ. ಆ ತೂಕ ಎಂದೂ ಮುಗಿಯದು. ಅದನ್ನು ಮುಗಿಸಿಬಿಡಬೇಕೆಂದು ಈ ಕ್ರೀಡೆಯ ಆಡಳಿತಗಾರರು ನೂರಕ್ಕೂ ಹೆಚ್ಚು ವರ್ಷಗಳಿಂದ ಯತ್ನಿಸುತ್ತ ಬಂದಿದ್ದಾರೆ. ಅವರ ಪ್ರಯತ್ನ ಸಫಲವಾಗದಿರುವುದರಲ್ಲಿಯೇ ಪ್ರೇಕ್ಷಕನ ಆನಂದದ ಮೂಲವಿದೆ.

೨

ಮೊದಲ ಸಲ ನೋಡುವವನಿಗೆ ಎಲ್ಲ ಜಿಗಿತಗಳೂ ಒಂದೇ. ಸ್ಪರ್ಧಿ ಗಾಳಿಯಲ್ಲಿ ಸುತ್ತುತ್ತಾನೆ, ಇಳಿಯುತ್ತಾನೆ ಅಥವಾ ಬೀಳುತ್ತಾನೆ. ವಿವರಣೆಗಾರನು ಲಟ್ಸ್ ಎನ್ನುತ್ತಾನೆ, ಫ್ಲಿಪ್ ಎನ್ನುತ್ತಾನೆ. ನೋಡುವವನಿಗೆ ಭೇದ ಗೋಚರಿಸುವುದಿಲ್ಲ. ಭೇದವಿರುವುದು ಕಾಲಿನಡಿಯ ಅಲಗಿನಲ್ಲಿ. ಆ ಅಲಗಿನ ತಳದಲ್ಲಿ ಉದ್ದಕ್ಕೂ ಸಣ್ಣದೊಂದು ತೋಡು ಇದ್ದು, ಅದರ ಇಕ್ಕೆಲಗಳಲ್ಲಿ ಎರಡು ಅಂಚುಗಳಿವೆ. ಒಂದು ಒಳ ಅಂಚು, ಇನ್ನೊಂದು ಹೊರ ಅಂಚು. ಮುಮ್ಮುಖವಾಗಿ ಚಲಿಸುತ್ತಿರಲಿ, ಹಿಮ್ಮುಖವಾಗಿ ಚಲಿಸುತ್ತಿರಲಿ, ಸ್ಪರ್ಧಿಯ ಭಾರ ಈ ಅಂಚುಗಳಲ್ಲೊಂದರ ಮೇಲೆ ವಾಲಿರುತ್ತದೆ. ಅಂಗಳದ ಮೇಲೆ ಮೂಡುವ ವಕ್ರರೇಖೆಗಳೆಲ್ಲ ಈ ವಾಲುವಿಕೆಯ ಫಲ.

ಈಗ ರೂಢಿಯಲ್ಲಿರುವ ಮುಖ್ಯ ಜಿಗಿತಗಳು ಆರು: ಟೋ ಲೂಪ್, ಸಾಲ್ಕೋವ್, ಲೂಪ್, ಫ್ಲಿಪ್, ಲಟ್ಸ್, ಆಕ್ಸೆಲ್. ಇವುಗಳಲ್ಲಿ ಆಕ್ಸೆಲ್ ಒಂದನ್ನು ಮಾತ್ರ ಮುಂದಕ್ಕೆ ಮುಖಮಾಡಿ ನೆಗೆಯಬೇಕು. ಇಳಿಯುವುದು ಹಿಮ್ಮುಖವಾಗಿಯೇ ಆದ್ದರಿಂದ ಅದರಲ್ಲಿ ಯಾವಾಗಲೂ ಅರ್ಧ ಸುತ್ತು ಹೆಚ್ಚು. ಮುಮ್ಮಡಿ ಆಕ್ಸೆಲ್ ಎಂದರೆ ಮೂರೂವರೆ ಸುತ್ತು. ನಾಲ್ವಡಿ ಆಕ್ಸೆಲ್ ಎಂದರೆ ನಾಲ್ಕೂವರೆ. ಫ್ಲಿಪ್ ಮತ್ತು ಲಟ್ಸ್ ಎರಡರಲ್ಲಿಯೂ ಹಿಮ್ಮುಖವಾಗಿ ಸಾಗುತ್ತ ಇನ್ನೊಂದು ಕಾಲಿನ ಅಲಗಿನ ಮೂತಿಯ ಹಲ್ಲುಗಳನ್ನು ಮಂಜಿಗೆ ನಾಟಿ ಮೇಲೇಳುತ್ತಾರೆ. ಆದರೆ ಫ್ಲಿಪ್ಪಿನಲ್ಲಿ ಭಾರ ಒಳ ಅಂಚಿನ ಮೇಲಿರಬೇಕು, ಲಟ್ಸ್‌ನಲ್ಲಿ ಹೊರ ಅಂಚಿನ ಮೇಲೆ. ಲಟ್ಸ್‌ನ ಕಷ್ಟವೇ ಇದು: ಕಾಲು ಸಾಗುತ್ತಿರುವ ವಕ್ರರೇಖೆ ಒಂದು ದಿಕ್ಕಿಗೆ, ದೇಹ ಸುತ್ತಬೇಕಾದುದು ಅದರ ವಿರುದ್ಧ ದಿಕ್ಕಿಗೆ. ನೆಗೆಯುವ ಕ್ಷಣದಲ್ಲಿ ಅಂಚು ತನಗೆ ತಾನೇ ಒಳಕ್ಕೆ ಜಾರಿಬಿಡುವುದುಂಟು. ಹಾಗಾದರೆ ಅಂಕ ಕಡಿಮೆಯಾಗುತ್ತದೆ. ಇದೆಲ್ಲ ನಡೆಯುವುದು ಕಣ್ಣು ಮಿಟುಕಿಸುವಷ್ಟು ಹೊತ್ತಿನಲ್ಲಿ.

ಈ ಹೆಸರುಗಳಲ್ಲಿ ಚರಿತ್ರೆಯೂ ಅಡಗಿದೆ. ನಾರ್ವೆಯ ಆಕ್ಸೆಲ್ ಪೌಲ್ಸೆನ್ ೧೮೮೨ರಲ್ಲಿ ವಿಯೆನ್ನಾದಲ್ಲಿ ತೋರಿಸಿದ ಜಿಗಿತಕ್ಕೆ ಆತನ ಹೆಸರೇ ಉಳಿಯಿತು. ಸಾಲ್ಕೋವ್ ಸ್ವೀಡನ್ನಿನ ಉಲ್ರಿಕ್ ಸಾಲ್ಕೋವ್‌ನದು. ಲಟ್ಸ್ ಆಸ್ಟ್ರಿಯದ ಅಲೋಯ್ಸ್ ಲಟ್ಸ್‌ನದು.

ಅಂಚನ್ನು ಗುರುತಿಸಲು ಕಲಿತ ದಿನ ಪ್ರೇಕ್ಷಕನ ಸ್ಥಿತಿ ಬದಲಾಗುತ್ತದೆ. ಕಚೇರಿಯಲ್ಲಿ ತೊಡೆಯ ಮೇಲೆ ತಾಳ ಹಾಕಿಕೊಳ್ಳುತ್ತ ಕುಳಿತ ಕೇಳುಗನಿಗೆ ಗಾಯಕನು ಸಮಕ್ಕೆ ಬಂದು ಸೇರುವುದು ಹೇಗೆ ಒಂದು ಸ್ವಂತ ಸಂತೋಷವಾಗುವುದೋ, ಹಾಗೆಯೇ ಇವನಿಗೆ ಹೊರ ಅಂಚನ್ನು ಕೊನೆಯವರೆಗೆ ಬಿಡದೆ ಹಿಡಿದ ಲಟ್ಸ್ ಒಂದು ಸ್ವಂತ ಸಂತೋಷವಾಗುತ್ತದೆ. ಅಂಕಫಲಕ ಬೆಳಗುವುದಕ್ಕೆ ಮುಂಚೆಯೇ ಇವನು ತನ್ನ ಅಂಕವನ್ನು ಕೊಟ್ಟಾಗಿರುತ್ತದೆ. ಆದರೆ ಇಷ್ಟರಿಂದಲೇ ಅವನ ಶಿಕ್ಷಣ ಮುಗಿಯುವುದಿಲ್ಲ. ಮುದ್ರಿತವಾದ ಒಂದೇ ಸ್ಪರ್ಧೆಯನ್ನು ನಾನು ಎರಡು ಬಾರಿ ನೋಡುವ ಅಭ್ಯಾಸವಿಟ್ಟುಕೊಂಡಿದ್ದೇನೆ. ಒಮ್ಮೆ ಧ್ವನಿಯನ್ನು ಅಡಗಿಸಿ, ಇನ್ನೊಮ್ಮೆ ಧ್ವನಿಯೊಡನೆ. ಮೌನದಲ್ಲಿ ಎಲ್ಲರಿಗಿಂತ ಮೇಲಾಗಿ ಕಂಡವರು ಸಂಗೀತದೊಡನೆ ಸಾಧಾರಣರಾಗಿ ಕಂಡುದುಂಟು. ಮೌನದಲ್ಲಿ ಎಡವಿದಂತೆ ಕಂಡವರು ಸಂಗೀತದೊಡನೆ ಮನಸ್ಸನ್ನು ಸೆರೆಹಿಡಿದುದೂ ಉಂಟು. ಇವೆರಡರಲ್ಲಿ ಯಾವುದು ಸರಿಯಾದ ನೋಟ? ಈ ಪ್ರಶ್ನೆ ಈ ಕ್ರೀಡೆಯ ಹುಟ್ಟಿನಿಂದಲೇ ಅದರ ಜೊತೆಗಿದೆ.

೩

ಫಿಗರ್ ಎಂಬ ಹೆಸರಿನ ಅರ್ಥ ಇಂದಿನ ಪ್ರೇಕ್ಷಕನಿಗೆ ಸುಲಭವಾಗಿ ತಿಳಿಯದು. ಮೊದಲಿಗೆ ಈ ಕ್ರೀಡೆಯ ಹುರುಳು ಮಂಜಿನ ಮೇಲೆ ಅಲಗಿನಿಂದ ಆಕೃತಿಗಳನ್ನು ಬರೆಯುವುದಾಗಿತ್ತು. ಎಂಟರ ಆಕಾರದ ಜೋಡಿವೃತ್ತಗಳನ್ನು ಬರೆದು, ಅದೇ ಗೆರೆಯ ಮೇಲೆ ಮತ್ತೆ ಮತ್ತೆ ತಪ್ಪದೆ ಸಾಗಬೇಕು. ಸ್ಪರ್ಧಿ ಮುಗಿಸಿದ ಮೇಲೆ ತೀರ್ಪುಗಾರರು ಅಂಗಳಕ್ಕಿಳಿದು, ಬಗ್ಗಿ, ಗೆರೆಗಳನ್ನು ಪರೀಕ್ಷಿಸುತ್ತಿದ್ದರು. ಇದು ರೇಖಾಗಣಿತದ ಪರಂಪರೆ. ಇನ್ನೊಂದು ಪರಂಪರೆ ನೃತ್ಯದ್ದು. ೧೮೬೦ರ ದಶಕದಲ್ಲಿ ಅಮೆರಿಕದ ಜಾಕ್ಸನ್ ಹೇನ್ಸ್ ಯೂರೋಪಿಗೆ ಹೋಗಿ, ಬ್ಯಾಲೆಯ ಭಂಗಿಗಳನ್ನೂ ಸಂಗೀತವನ್ನೂ ಮಂಜಿನ ಮೇಲೆ ತಂದು, ವಿಯೆನ್ನಾದ ಜನರನ್ನು ಬೆರಗುಗೊಳಿಸಿದನು. ೧೮೯೨ರಲ್ಲಿ ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ ಸ್ಥಾಪಿತವಾಯಿತು. ೧೮೯೬ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಮೊದಲ ವಿಶ್ವ ಸ್ಪರ್ಧೆ ನಡೆಯಿತು. ಒಕ್ಕೂಟದವರು ಎರಡು ಪರಂಪರೆಗಳನ್ನೂ ಉಳಿಸಿಕೊಂಡರು: ಕಡ್ಡಾಯವಾದ ಆಕೃತಿಗಳು ಒಂದು ಭಾಗ, ಸಂಗೀತದೊಡನೆ ಮಾಡುವ ಸ್ವತಂತ್ರ ಕಾರ್ಯಕ್ರಮ ಇನ್ನೊಂದು ಭಾಗ. ಬಹುಕಾಲ ಒಟ್ಟು ಅಂಕಗಳಲ್ಲಿ ಶೇಕಡ ೬೦ರಷ್ಟು ಆಕೃತಿಗಳಿಗೇ ಮೀಸಲಾಗಿತ್ತು.

ಆಕೃತಿಗಳಲ್ಲಿ ತೀರ್ಪಿಗೆ ಸಾಕ್ಷ್ಯ ಉಳಿಯುತ್ತದೆ. ಗೆರೆ ಅಲ್ಲಿಯೇ ಕಣ್ಣಮುಂದಿದೆ. ಆದರೆ ಅದನ್ನು ನೋಡಲು ಜನ ಬರುತ್ತಿರಲಿಲ್ಲ. ಸ್ವತಂತ್ರ ಕಾರ್ಯಕ್ರಮ ಮುಗಿದೊಡನೆ ಅದರ ಸಾಕ್ಷ್ಯವೆಲ್ಲ ಅಳಿದುಹೋಗುತ್ತದೆ; ಜನ ಬರುತ್ತಿದ್ದುದು ಅದಕ್ಕಾಗಿಯೇ. ಈ ವೈಷಮ್ಯ ದೂರದರ್ಶನದ ಕಾಲದಲ್ಲಿ ಬಯಲಿಗೆ ಬಂತು. ೧೯೭೨ರಲ್ಲಿ ಜಪಾನಿನ ಸಪ್ಪೋರೊ ನಗರದಲ್ಲಿ ನಡೆದ ಚಳಿಗಾಲದ ಒಲಿಂಪಿಕ್ಸ್ ಇದಕ್ಕೆ ಪ್ರಸಿದ್ಧವಾದ ನಿದರ್ಶನ. ಆಸ್ಟ್ರಿಯದ ಟ್ರಿಕ್ಸಿ ಶುಬಾ ಆಕೃತಿಗಳಲ್ಲಿ ಸರಿಸಾಟಿಯಿಲ್ಲದವರು. ಅಲ್ಲಿ ಗಳಿಸಿದ ಮುನ್ನಡೆಯ ಬಲದಿಂದ, ಸ್ವತಂತ್ರ ಕಾರ್ಯಕ್ರಮದಲ್ಲಿ ಏಳನೆಯ ಸ್ಥಾನ ಬಂದರೂ, ಚಿನ್ನದ ಪದಕ ಅವರಿಗೆ ದೊರೆಯಿತು. ಸ್ವತಂತ್ರ ಕಾರ್ಯಕ್ರಮದಲ್ಲಿ ಮೊದಲಿಗರಾದ ಅಮೆರಿಕದ ಜಾನೆಟ್ ಲಿನ್ ಅವರಿಗೆ ಸಿಕ್ಕಿದುದು ಕಂಚು. ಲಿನ್ ಅಂದು ಭ್ರಮಣವೊಂದರಲ್ಲಿ ಜಾರಿ ಕುಳಿತುಬಿಟ್ಟರು. ಆದರೆ ಮುಖದ ನಗೆ ಮಾಸಲಿಲ್ಲ, ಎದ್ದು ಸಂಗೀತದೊಡನೆ ಮುಂದುವರಿದರು. ಜಪಾನಿನ ಜನ ಪರದೇಶದ ಆ ತರುಣಿಯನ್ನು ತಮ್ಮವಳೆಂದೇ ಬಗೆದು ಬಹುಕಾಲ ಪ್ರೀತಿಸಿದರು.

ಮನೆಯಲ್ಲಿ ಕುಳಿತು ನೋಡಿದವರಿಗೆ ಈ ಫಲಿತಾಂಶ ಅರ್ಥವಾಗಲಿಲ್ಲ. ಅವರು ಆಕೃತಿಗಳನ್ನು ನೋಡಿಯೇ ಇರಲಿಲ್ಲ. ಹಾಗೆಂದು ಶುಬಾ ಅವರಿಗೆ ಅನ್ಯಾಯದಿಂದ ಪದಕ ಬಂತೆಂದು ಹೇಳುವುದು ತಪ್ಪು. ಅಂದಿನ ನಿಯಮದಂತೆ ಅವರೇ ನಿರ್ವಿವಾದವಾಗಿ ಶ್ರೇಷ್ಠರು. ಪ್ರಶ್ನೆಯಿದ್ದುದು ನಿಯಮದಲ್ಲಿ. ಮರುವರ್ಷದಿಂದ ಕಿರು ಕಾರ್ಯಕ್ರಮವೆಂಬ ಮೂರನೆಯ ಭಾಗ ಸೇರಿತು, ಆಕೃತಿಗಳ ತೂಕ ತಗ್ಗಿತು. ೧೯೯೦ರ ವಿಶ್ವ ಸ್ಪರ್ಧೆಯೊಡನೆ ಆಕೃತಿಗಳ ಯುಗ ಮುಗಿಯಿತು. ಕ್ರೀಡೆಯ ಹೆಸರಿನಲ್ಲಿ ಮಾತ್ರ ಅವು ಉಳಿದಿವೆ, ಹಾಳಾದ ಕೋಟೆಯ ಹೆಸರು ಊರಿಗೆ ಉಳಿದಂತೆ.

೪

ಆಕೃತಿಗಳು ಹೋದ ಮೇಲೆ ತೂಕವೆಲ್ಲ ಅಳಿದುಹೋಗುವ ಭಾಗದ ಮೇಲೆಯೇ ಬಿತ್ತು. ಆಗ ಪ್ರಚಾರದಲ್ಲಿದ್ದುದು ೬.೦ ಅಂಕದ ಪದ್ಧತಿ. ಪ್ರತಿಯೊಬ್ಬ ತೀರ್ಪುಗಾರನೂ ಕೌಶಲಕ್ಕೊಂದು, ಕಲಾತ್ಮಕತೆಗೊಂದು ಅಂಕ ಕೊಡುತ್ತಿದ್ದನು. ಆ ಅಂಕಗಳಿಗೆ ಸ್ವತಂತ್ರವಾದ ಬೆಲೆಯಿರಲಿಲ್ಲ. ಒಬ್ಬ ಸ್ಪರ್ಧಿಯನ್ನು ಇನ್ನೊಬ್ಬನ ಮೇಲೆ ಅಥವಾ ಕೆಳಗೆ ನಿಲ್ಲಿಸುವುದೇ ಅವುಗಳ ಕೆಲಸ. ಆದಕಾರಣ ಮೊದಲು ಬಂದ ಸ್ಪರ್ಧಿಗೆ ಕೈಬಿಗಿಹಿಡಿದು ಅಂಕ ಕೊಡುತ್ತಿದ್ದರು. ಮುಂದೆ ಬರುವವರಿಗೆ ಸ್ಥಳ ಬೇಕಲ್ಲ!

ಈ ಪದ್ಧತಿಯ ಅತ್ಯುನ್ನತ ಕ್ಷಣ ೧೯೮೪ರ ಸರಯೇವೊ ಒಲಿಂಪಿಕ್ಸಿನದು. ಬ್ರಿಟನ್ನಿನ ಜೇನ್ ಟಾರ್ವಿಲ್ ಮತ್ತು ಕ್ರಿಸ್ಟಫರ್ ಡೀನ್ ಅಲ್ಲಿ ರಾವೆಲ್‌ನ ‘ಬೊಲೆರೊ’ ಕೃತಿಗೆ ಮಂಜುನೃತ್ಯ ಮಾಡಿದರು. ಕಲಾತ್ಮಕತೆಗೆ ಒಂಬತ್ತು ತೀರ್ಪುಗಾರರೂ ೬.೦ ಕೊಟ್ಟರು. ಇದರ ಹಿಂದಿನ ಒಂದು ಸಂಗತಿ ಗಮನಾರ್ಹವಾಗಿದೆ. ನಿಯಮದಂತೆ ನೃತ್ಯದ ಅವಧಿ ೪ ನಿಮಿಷ ೧೦ ಸೆಕೆಂಡುಗಳನ್ನು ಮೀರುವಂತಿರಲಿಲ್ಲ. ರಾವೆಲ್‌ನ ಕೃತಿಯನ್ನು ಎಷ್ಟು ಸಂಗ್ರಹಿಸಿದರೂ ೪ ನಿಮಿಷ ೨೮ ಸೆಕೆಂಡುಗಳಿಗಿಂತ ಕಡಿಮೆಯಾಗಲಿಲ್ಲ. ಆದರೆ ಆಗಿನ ನಿಯಮದಂತೆ ಗಡಿಯಾರ ಓಡತೊಡಗುತ್ತಿದ್ದುದು ಅಲಗು ಮಂಜಿನ ಮೇಲೆ ಚಲಿಸತೊಡಗಿದಾಗ. ಆದುದರಿಂದ ಅವರು ಮೊಣಕಾಲೂರಿ, ಅಲಗನ್ನು ತಾಗಿಸದೆ, ಮೇಲ್ಮೈಯನ್ನು ಮಾತ್ರ ತೂಗುತ್ತ ೧೮ ಸೆಕೆಂಡುಗಳನ್ನು ಕಳೆದರು. ಇಂದಿಗೂ ಆ ನೃತ್ಯವನ್ನು ನೆನೆಯುವವರಿಗೆ ಮೊದಲು ಕಣ್ಣಿಗೆ ಕಟ್ಟುವುದು ಮೊಣಕಾಲೂರಿದ ಆ ಆರಂಭವೇ. ನಿಯಮದ ಇಕ್ಕಟ್ಟೇ ಅಲ್ಲಿ ಕಲೆಯನ್ನು ಹುಟ್ಟಿಸಿತು. ಅಳತೆಗೂ ರಸಕ್ಕೂ ಇರುವುದು ಕೇವಲ ವೈರವೆಂದು ತಿಳಿಯಬಾರದೆಂಬುದಕ್ಕೆ ಇದೊಂದು ಸಾಕ್ಷಿ.

ಅದೇ ಪದ್ಧತಿಯ ಅವಸಾನ ೨೦೦೨ರಲ್ಲಿ ಬಂತು. ಸಾಲ್ಟ್ ಲೇಕ್ ನಗರದ ಒಲಿಂಪಿಕ್ಸಿನ ಜೋಡಿ ಸ್ಪರ್ಧೆಯಲ್ಲಿ ರಷ್ಯದ ಬೆರೆಜ್ನಾಯ ಮತ್ತು ಸಿಖರುಲಿಡ್ಜೆ ಐದು ತೀರ್ಪುಗಾರರ ಮತದಿಂದ ಚಿನ್ನ ಪಡೆದರು. ಕೆನಡದ ಸಾಲೆ ಮತ್ತು ಪೆಲ್ಟಿಯೆ ಅವರ ಪಾಲಿಗೆ ಬಂದುದು ನಾಲ್ಕು ಮತ. ಸಿಖರುಲಿಡ್ಜೆ ಒಂದು ಜಿಗಿತದಲ್ಲಿ ತಡವರಿಸಿದ್ದರು. ಕೆನಡದವರ ಕಾರ್ಯಕ್ರಮದಲ್ಲಿ ದೋಷ ಕಾಣಲಿಲ್ಲ. ಸಭೆ ಕೂಗೆಬ್ಬಿಸಿತು. ಫ್ರಾನ್ಸಿನ ತೀರ್ಪುಗಾರ್ತಿಯ ಮೇಲೆ ಒತ್ತಡವಿತ್ತೆಂಬ ಆರೋಪ ಹೊರಬಿದ್ದು, ಕೆಲವು ದಿನಗಳಲ್ಲಿ ಕೆನಡದ ಜೋಡಿಗೂ ಚಿನ್ನದ ಪದಕ ಕೊಡಲಾಯಿತು. ಆರೋಪದ ಗದ್ದಲದಲ್ಲಿ ಒಂದು ಮಾತು ಮರೆತುಹೋಯಿತು. ರಷ್ಯದ ಜೋಡಿಯ ಕಾರ್ಯಕ್ರಮ ಹೆಚ್ಚು ಜಟಿಲವಾದುದು, ಹೆಚ್ಚು ಗಾಂಭೀರ್ಯವುಳ್ಳದ್ದು ಎಂದು ಪ್ರಾಮಾಣಿಕವಾಗಿ ನಂಬಿದ ಪ್ರೇಕ್ಷಕರು ಅಂದೂ ಇದ್ದರು, ಇಂದೂ ಇದ್ದಾರೆ. ಒಂದು ತೀರ್ಪಿನ ಹಿಂದೆ ಕಪಟವಿದ್ದಿರಬಹುದು. ಅಷ್ಟರಿಂದಲೇ ಆ ತೀರ್ಪು ಸುಳ್ಳಾಗಬೇಕಾಗಿಲ್ಲ. ದಾನಶಾಸನವೊಂದು ಕೂಟವೆಂದು ಸಿದ್ಧವಾದರೂ ಅದರಲ್ಲಿ ಹೇಳಿದ ಊರು ನಿಜವಾಗಿಯೇ ಇದ್ದಿರಬಹುದೆಂಬುದನ್ನು ಚರಿತ್ರೆಯ ವಿದ್ಯಾರ್ಥಿಗಳು ಬಲ್ಲರು.

೨೦೦೪ರಲ್ಲಿ ಹೊಸ ಪದ್ಧತಿಯನ್ನು ಅಂಗೀಕರಿಸಲಾಯಿತು. ಪ್ರತಿಯೊಂದು ಜಿಗಿತಕ್ಕೂ ಭ್ರಮಣಕ್ಕೂ ಮೊದಲೇ ಗೊತ್ತುಮಾಡಿದ ಮೂಲಬೆಲೆ. ಮಾಡಿದ ರೀತಿಯನ್ನನುಸರಿಸಿ ಅದಕ್ಕೆ ಕೂಡುವ ಅಥವಾ ಕಳೆಯುವ ಅಂಕ. ಸುತ್ತು ಪೂರ್ಣವಾಯಿತೇ ಎಂದು ಚಿತ್ರವನ್ನು ನಿಧಾನಗೊಳಿಸಿ ನೋಡುವ ತಜ್ಞರ ಪ್ರತ್ಯೇಕ ಮಂಡಲಿ. ರಚನೆ, ನಿರೂಪಣೆ ಮೊದಲಾದ ಗುಣಗಳಿಗೆ ಬೇರೆ ಅಂಕ. ಒಟ್ಟಿನಲ್ಲಿ ತೂಕವನ್ನು ಮುಗಿಸಿಬಿಡುವ ಇನ್ನೊಂದು ಪ್ರಯತ್ನ. ಆದರೆ ವಿವಾದ ನಿಂತಿತೇ? ೨೦೧೦ರಲ್ಲಿ ವ್ಯಾಂಕೂವರಿನಲ್ಲಿ ನಾಲ್ವಡಿ ಜಿಗಿತ ಮಾಡಿದ ಪ್ಲುಶೆಂಕೊ, ಅದನ್ನು ಮಾಡದ ಲೈಸಾಚೆಕ್‌ಗೆ ೧.೩೧ ಅಂಕಗಳಿಂದ ಸೋತರು. ಅತ್ಯಂತ ಕಠಿಣವಾದುದೊಂದನ್ನು ಸಾಧಿಸಿದವನು ಮೇಲೋ, ಇರುವುದೆಲ್ಲವನ್ನೂ ಚೊಕ್ಕವಾಗಿ ಮಾಡಿದವನು ಮೇಲೋ ಎಂಬ ವಾದ ಹಲವು ವರ್ಷ ನಡೆಯಿತು. ೨೦೧೪ರಲ್ಲಿ ಸೋಚಿಯಲ್ಲಿ ಆತಿಥೇಯ ದೇಶದ ಸೋತ್ನಿಕೋವಾ ೨೨೪.೫೯, ಕೊರಿಯದ ಕಿಮ್ ಯುನ ೨೧೯.೧೧. ದಶಮಾಂಶದ ಎರಡನೆಯ ಸ್ಥಾನದವರೆಗೆ ಲೆಕ್ಕ ಸ್ಪಷ್ಟವಾಗಿತ್ತು. ಫಲಿತಾಂಶವನ್ನು ಮರುಪರಿಶೀಲಿಸಬೇಕೆಂಬ ಮನವಿಗೆ ಹತ್ತು ಲಕ್ಷಕ್ಕೂ ಮೀರಿ ಜನ ಸಹಿ ಹಾಕಿದರು. ಹಿಂದೆ ವಿವಾದವಿದ್ದುದು ಯಾರು ಮೇಲೆಂಬುದರಲ್ಲಿ. ಈಗ ಒಂದೊಂದು ಅಂಕಕ್ಕೂ ಒಂದೊಂದು ವಿವಾದ. ಅಂಕಪಟ್ಟಿಗಳು ಪ್ರಕಟವಾಗುವುದರಿಂದ ಪ್ರೇಕ್ಷಕನ ಕೈಗೆ ಅದಕ್ಕೆ ಬೇಕಾದ ಸಾಮಗ್ರಿಯೂ ಹೆಚ್ಚಾಗಿ ಒದಗಿತು.

೫

ಕಲೆಯಲ್ಲಿ ಸ್ಪರ್ಧೆಯನ್ನಿಟ್ಟು ಅಂಕವೆಣಿಸುವುದು ಪಾಶ್ಚಾತ್ಯರ ಈಚಿನ ವಿಕಾರವೆಂದು ನಮ್ಮಲ್ಲಿ ಕೆಲವರು ಭಾವಿಸುವುದುಂಟು. ಅವರು ಭರತನ ನಾಟ್ಯಶಾಸ್ತ್ರದ ೨೭ನೆಯ ಅಧ್ಯಾಯವನ್ನು ನೋಡಬೇಕು. ಅಲ್ಲಿ ಪ್ರಯೋಗದ ಸಿದ್ಧಿಯನ್ನು ಮಾನುಷಿ, ದೈವಿಕಿ ಎಂದು ಎರಡಾಗಿ ವಿಭಾಗಿಸಿದೆ. ಪ್ರೇಕ್ಷಕರು ‘ಸಾಧು’ ಎನ್ನುವುದು, ‘ಅಹೋ’ ಎನ್ನುವುದು, ಆಸನದಿಂದೇಳುವುದು, ಮೆಚ್ಚಿ ಬಟ್ಟೆಯನ್ನೂ ಉಂಗುರವನ್ನೂ ಕೊಡುವುದು, ಇವೆಲ್ಲ ಮಾನುಷಿ ಸಿದ್ಧಿಯ ಚಿಹ್ನೆಗಳು. ರಂಗ ತುಂಬಿದ್ದು, ಶಬ್ದವಿಲ್ಲದೆ, ಕ್ಷೋಭೆಯಿಲ್ಲದೆ ಇರುವುದು ದೈವಿಕಿಯ ಲಕ್ಷಣ. ಪ್ರಯೋಗಗಳ ನಡುವೆ ಸ್ಪರ್ಧೆಯಾದಾಗ ತೀರ್ಪು ಕೊಡಲು ಪ್ರಾಶ್ನಿಕರೆಂಬವರಿರುತ್ತಾರೆ. ನಟ, ಛಂದಸ್ಸು ಬಲ್ಲವನು, ವ್ಯಾಕರಣ ಬಲ್ಲವನು, ಬಿಲ್ಲುಗಾರ, ಚಿತ್ರಕಾರ ಮೊದಲಾದವರು ತಮತಮಗೆ ತಿಳಿದ ಅಂಶವನ್ನು ಪರೀಕ್ಷಿಸಬೇಕು. ಘಾತಗಳೆಂದರೆ ದೋಷಗಳು; ಅವನ್ನೂ ಸಿದ್ಧಿಗಳನ್ನೂ ಬರೆದಿಟ್ಟುಕೊಂಡು, ಹೋಲಿಸಿ, ಗೆದ್ದವರಿಗೆ ಪತಾಕೆಯನ್ನು ಕೊಡಬೇಕು.

ಸಾದೃಶ್ಯವನ್ನು ಅತಿಯಾಗಿ ಎಳೆಯುವುದು ಸಲ್ಲದು. ಆದರೆ ಅಂಗಳದ ಬದಿಯಲ್ಲಿ ಕುಳಿತ ತಜ್ಞರನ್ನೂ, ಕಾರ್ಯಕ್ರಮ ಮುಗಿದೊಡನೆ ಮಂಜಿನ ಮೇಲೆ ಹೂವುಗಳನ್ನೂ ಬೊಂಬೆಗಳನ್ನೂ ಎಸೆಯುವ ಜನರನ್ನೂ ಕಂಡಾಗ ಆ ಅಧ್ಯಾಯ ನೆನಪಿಗೆ ಬಾರದಿರದು. ಭರತನು ಘಾತಗಳ ಲೆಕ್ಕವನ್ನು ಪ್ರಾಶ್ನಿಕರಿಗೆ ಒಪ್ಪಿಸಿದನು; ಆದರೆ ಸಿದ್ಧಿಯ ಚಿಹ್ನೆಗಳನ್ನು ಹುಡುಕಿದ್ದು ಪ್ರೇಕ್ಷಕರಲ್ಲಿ. ಪತಾಕೆ ಒಬ್ಬರಿಗೇ, ಸಿದ್ಧಿ ಹಾಗಲ್ಲ, ಅದು ಎಷ್ಟು ಮಂದಿಗೆ ಬೇಕಾದರೂ ಲಭಿಸಬಹುದು.

ಫಿಗರ್ ಸ್ಕೇಟಿಂಗಿಗೆ ಎರಡು ದಾಖಲೆಗಳಿವೆಯೆಂದು ನಾನು ಹೇಳುವುದು ಈ ಅರ್ಥದಲ್ಲಿಯೇ. ಒಂದು ಒಕ್ಕೂಟದ ದಾಖಲೆ; ಅದು ಶಾಸನದಂತೆ. ಪದಕ ಯಾರಿಗೆ ಸಂದಿತೆಂಬುದನ್ನು ಅದು ಹೇಳುತ್ತದೆ. ಇನ್ನೊಂದು ಪ್ರೇಕ್ಷಕರ ನೆನಪಿನ ದಾಖಲೆ. ಚರಿತ್ರಕಾರನಿಗೆ ಆಸಕ್ತಿ ಹುಟ್ಟುವುದು ಇವೆರಡೂ ಒಂದನ್ನೊಂದು ಒಪ್ಪದಿರುವಾಗ.

೨೦೧೪ರ ಸೋಚಿಯಲ್ಲಿಯೇ ನಡೆದ ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಜಪಾನಿನ ಮಾವೊ ಅಸಾದ ಕಿರು ಕಾರ್ಯಕ್ರಮದಲ್ಲಿ ಬಿದ್ದು, ತಪ್ಪಿ, ೫೫.೫೧ ಅಂಕಗಳೊಡನೆ ೧೬ನೆಯ ಸ್ಥಾನಕ್ಕಿಳಿದರು. ಪದಕದ ಆಸೆ ಅಲ್ಲಿಗೇ ಮುಗಿಯಿತು. ಮರುದಿನ ರಖ್ಮಾನಿನೋವನ ಎರಡನೆಯ ಪಿಯಾನೊ ಕನ್ಚೆರ್ಟೊವಿಗೆ ಅವರು ಅಂಗಳಕ್ಕಿಳಿದಾಗ ಗೆಲ್ಲಬೇಕಾದುದು ಏನೂ ಇರಲಿಲ್ಲ. ಮುಮ್ಮಡಿ ಆಕ್ಸೆಲ್ ಸೇರಿ ಎಂಟು ಮುಮ್ಮಡಿ ಜಿಗಿತಗಳಿದ್ದ ಕಾರ್ಯಕ್ರಮವನ್ನು ಒಮ್ಮೆಯೂ ಬೀಳದೆ ಮುಗಿಸಿದರು; ೧೪೨.೭೧ ಅಂಕ ಬಂತು. ಕೊನೆಯ ಭಂಗಿಯಲ್ಲಿ ನಿಂತು ಆಕಾಶದತ್ತ ನೋಡುತ್ತ ಅತ್ತರು. ಒಕ್ಕೂಟದ ದಾಖಲೆಯಲ್ಲಿ ಅವರದು ಆರನೆಯ ಸ್ಥಾನ. ಆದರೆ ಆ ಒಲಿಂಪಿಕ್ಸಿನಿಂದ ಏನನ್ನು ನೆನೆಯುತ್ತೀರಿ ಎಂದು ಬಲ್ಲ ಪ್ರೇಕ್ಷಕರನ್ನು ಕೇಳಿದರೆ ಅನೇಕರು ಮೊದಲು ಹೇಳುವುದು ಆ ನಾಲ್ಕು ನಿಮಿಷಗಳನ್ನು.

ಇಂಥವು ಇನ್ನೂ ಉಂಟು. ೧೯೯೮ರಲ್ಲಿ ನಾಗಾನೊದಲ್ಲಿ ಫ್ರಾನ್ಸಿನ ಸೂರ್ಯ ಬೊನಾಲಿ, ನಿಷಿದ್ಧವೆಂದು ತಿಳಿದೂ ಹಿಮ್ಮುಖವಾಗಿ ಪಲ್ಟಿ ಹೊಡೆದು ಒಂದೇ ಕಾಲಿನ ಮೇಲೆ ಇಳಿದರು. ಸ್ಥಾನ ಹತ್ತನೆಯದು. ಒಕ್ಕೂಟ ೨೦೨೪ರಲ್ಲಿ ಆ ನಿಷೇಧವನ್ನು ತೆಗೆದುಹಾಕಿತು. ಪ್ರೇಕ್ಷಕರು ಕೊಟ್ಟ ತೀರ್ಪನ್ನು ನಿಯಮ ತಲುಪಲು ೨೬ ವರ್ಷ ಹಿಡಿಯಿತು. ೨೦೧೪ ಮತ್ತು ೨೦೧೮ರಲ್ಲಿ ಚಿನ್ನ ಗೆದ್ದಿದ್ದ ಜಪಾನಿನ ಯುಜುರು ಹನ್ಯು ೨೦೨೨ರಲ್ಲಿ ಬೀಜಿಂಗಿನಲ್ಲಿ, ಅದುವರೆಗೆ ಸ್ಪರ್ಧೆಯಲ್ಲಿ ಯಾರೂ ಸಾಧಿಸದಿದ್ದ ನಾಲ್ವಡಿ ಆಕ್ಸೆಲನ್ನು ಯತ್ನಿಸಿ ಬಿದ್ದರು, ನಾಲ್ಕನೆಯವರಾದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅಮೆರಿಕದ ಇಲಿಯ ಮಲಿನಿನ್ ಅದನ್ನು ಮೊದಲು ಸಾಧಿಸಿದರು. ಸಾಧಿಸಿದವರ ಹೆಸರು ದಾಖಲೆಯಲ್ಲಿದೆ. ಬಿದ್ದವರ ಹೆಸರೂ ಪ್ರೇಕ್ಷಕರ ನೆನಪಿನಲ್ಲಿ ಅದರ ಪಕ್ಕದಲ್ಲಿಯೇ ಇದೆ.

ಇದನ್ನು ಕೇವಲ ಭಾವುಕತೆಯೆಂದು ತಳ್ಳಿಹಾಕಬಹುದು. ಪ್ರೇಕ್ಷಕರ ನೆನಪಿನಲ್ಲಿ ಪಕ್ಷಪಾತವಿದೆ, ಅತಿಶಯೋಕ್ತಿಯಿದೆ, ತಮ್ಮವರ ದೋಷಕ್ಕೆ ಕುರುಡಿದೆ, ಇದನ್ನು ಒಪ್ಪುತ್ತೇನೆ. ಸೋಚಿಯ ಫಲಿತಾಂಶ ಕಂಡಾಗ ನಾನೂ ಕೋಪಗೊಂಡವನೇ. ಅಂಕಪಟ್ಟಿಯನ್ನು ಸಾಲುಸಾಲಾಗಿ ನೋಡಿದ ಮೇಲೆ, ಸೋತ್ನಿಕೋವಾ ಅವರ ಕಾರ್ಯಕ್ರಮದಲ್ಲಿ ಮುಮ್ಮಡಿ ಜಿಗಿತಗಳು ಕಿಮ್ ಅವರದಕ್ಕಿಂತ ಹೆಚ್ಚಿದ್ದುವೆಂಬುದನ್ನು ಗಮನಿಸಬೇಕಾಯಿತು. ನನ್ನ ತೀರ್ಪು ಬದಲಾಗಲಿಲ್ಲ. ಅದರ ಬಿರುಸು ತಗ್ಗಿತು. ಒಂದು ದಾಖಲೆ ಇನ್ನೊಂದನ್ನು ತಿದ್ದುವುದು ಹೀಗೆ. ಒಂದನ್ನೇ ನಂಬಿದವನು ಗುಮಾಸ್ತನಾಗುತ್ತಾನೆ. ಇನ್ನೊಂದನ್ನೇ ನಂಬಿದವನು ಭಟ್ಟಂಗಿಯಾಗುತ್ತಾನೆ.

೬

ಇದುವರೆಗೆ ಪ್ರೇಕ್ಷಕನ ಪರವಾಗಿ ವಾದಿಸಿದ್ದಾಯಿತು. ಅವನ ವಿರುದ್ಧ ಹೇಳಬೇಕಾದ ಮಾತೊಂದಿದೆ. ತೀರ್ಪು ಕೊಡುವ ಸುಖಕ್ಕೆ ಬೆಲೆ ತೆರುವವರು ಯಾರು?

ಹೊಸ ಪದ್ಧತಿಯಲ್ಲಿ ನಾಲ್ವಡಿ ಜಿಗಿತಗಳಿಗೆ ಹೆಚ್ಚಿನ ಬೆಲೆ ದೊರೆತುದರಿಂದ, ಇನ್ನೂ ದೇಹ ಬಲಿಯದ ಬಾಲಕಿಯರಿಗೆ ಅನುಕೂಲವಾಯಿತು. ಹಗುರವಾದ, ಕಿರಿದಾದ ದೇಹ ಬೇಗ ಸುತ್ತುತ್ತದೆ. ೨೦೨೨ರಲ್ಲಿ ಬೀಜಿಂಗಿಗೆ ಬಂದ ರಷ್ಯದ ಕಮಿಲಾ ವಲಿಯೇವಾಗೆ ಹದಿನೈದು ವರ್ಷ. ತಂಡಗಳ ಸ್ಪರ್ಧೆಯಲ್ಲಿ ಆಕೆಯ ನಾಲ್ವಡಿ ಜಿಗಿತಗಳನ್ನು ಕಂಡು ಜಗತ್ತು ‘ಅಹೋ’ ಎಂದಿತು, ನಾನೂ ಎಂದೆ. ಕೆಲವೇ ದಿನಗಳಲ್ಲಿ, ಹಿಂದಿನ ಡಿಸೆಂಬರಿನ ಪರೀಕ್ಷೆಯಲ್ಲಿ ನಿಷಿದ್ಧ ಔಷಧ ಕಂಡುಬಂದ ವಾರ್ತೆ ಹೊರಬಿತ್ತು. ಏಕವ್ಯಕ್ತಿ ಸ್ಪರ್ಧೆಯ ಕೊನೆಯ ದಿನ ಆ ಮಗು ಮತ್ತೆ ಮತ್ತೆ ಬಿದ್ದು ನಾಲ್ಕನೆಯದಾಯಿತು. ೨೦೨೪ರ ಜನವರಿಯಲ್ಲಿ ಕ್ರೀಡಾ ನ್ಯಾಯಮಂಡಲಿ ಆಕೆಗೆ ನಾಲ್ಕು ವರ್ಷದ ನಿಷೇಧ ವಿಧಿಸಿತು. ಈ ನಡುವೆ, ೨೦೨೨ರ ಜೂನಿನಲ್ಲಿ, ಒಕ್ಕೂಟ ವಯಸ್ಕರ ಸ್ಪರ್ಧೆಗಳಿಗೆ ಕನಿಷ್ಠ ವಯಸ್ಸನ್ನು ೧೫ರಿಂದ ೧೭ಕ್ಕೆ ಹಂತಹಂತವಾಗಿ ಏರಿಸಲು ನಿರ್ಧರಿಸಿತು.

ಆ ಕೊನೆಯ ದಿನದ ಮುದ್ರಣವನ್ನು ನಾನು ಎರಡನೆಯ ಬಾರಿ ನೋಡಿಲ್ಲ. ಧ್ವನಿಯೊಡನೆಯೂ ಇಲ್ಲ, ಧ್ವನಿಯಿಲ್ಲದೆಯೂ ಇಲ್ಲ. ಅದರಲ್ಲಿ ಅಂಚುಗಳನ್ನು ಪರೀಕ್ಷಿಸಲು ಕಣ್ಣು ಒಪ್ಪುವುದಿಲ್ಲ. ಆಕೆಯ ಜಿಗಿತಗಳನ್ನು ಎಣಿಸಿ ಮೆಚ್ಚಿದಾಗ ಆಕೆಯ ವಯಸ್ಸನ್ನೂ ನಾನು ಬಲ್ಲೆ. ಅದನ್ನು ತಕ್ಕಡಿಗೆ ಹಾಕಲಿಲ್ಲ, ಅಷ್ಟೆ. ತೀರ್ಪುಗಾರರಿಗೆ ಒಂದು ನೆಪವುಂಟು. ನಿಯಮದಲ್ಲಿ ಇಲ್ಲದುದನ್ನು ಅವರು ತೂಗುವಂತಿಲ್ಲ. ಪ್ರೇಕ್ಷಕನಿಗೆ ಆ ನೆಪವಿಲ್ಲ. ನಿಯಮದ ಹೊರಗಿನದನ್ನು ತೂಗುವ ಸ್ವಾತಂತ್ರ್ಯವೇ ಅವನ ಹೆಮ್ಮೆಯೆಂದು ಇಷ್ಟು ಹೊತ್ತು ಹೇಳಿದೆವು. ಸಪ್ಪೋರೊದಲ್ಲಿ ಬಿದ್ದು ನಕ್ಕ ತರುಣಿಯನ್ನು ಪ್ರೀತಿಸಲು ಬಳಕೆಯಾದ ಸ್ವಾತಂತ್ರ್ಯ, ಬೀಜಿಂಗಿನ ಮಗುವಿನ ವಿಷಯದಲ್ಲಿ ಸಮಯಕ್ಕೆ ಸರಿಯಾಗಿ ಬಳಕೆಯಾಗಲಿಲ್ಲ.

ಆದುದರಿಂದ ಈ ಕ್ರೀಡೆಯ ಪ್ರೇಕ್ಷಕನು ಆನಂದದೊಡನೆ ಒಂದು ಹೊಣೆಯನ್ನೂ ಹೊರುತ್ತಾನೆ. ಅಂಚನ್ನು ನೋಡಲು ಕಲಿತ ಕಣ್ಣು ಅದರ ಮೇಲೆ ನಿಂತವರನ್ನೂ ನೋಡಬೇಕು. ನಾಳೆ ಇನ್ನೊಂದು ನಿಯಮ ಬರುವುದು, ಇನ್ನೊಂದು ಪದ್ಧತಿ ಬರುವುದು. ಅಳೆಯಲಾಗದುದನ್ನು ಅಳೆಯುವ ಯತ್ನ ನಿಲ್ಲುವುದಿಲ್ಲ, ನಿಲ್ಲಲೂ ಬಾರದು. ಸ್ಪರ್ಧೆಯ ರಾತ್ರಿ ಕಳೆದು ಯಂತ್ರವೊಂದು ಬಂದು ಅಂಗಳವನ್ನು ನೀರಿನಿಂದ ನುಣುಪು ಮಾಡಿಹೋಗುತ್ತದೆ, ಗೆರೆಯೊಂದೂ ಉಳಿಯುವುದಿಲ್ಲ. ಆಮೇಲೆ ಉಳಿಯುವುದು ಅಂಕಪಟ್ಟಿ ಮತ್ತು ನೋಡಿದವರು. ನೋಡಿದವರು ತಮ್ಮ ಸಾಕ್ಷ್ಯವನ್ನು ಪ್ರಾಮಾಣಿಕವಾಗಿ ಹೇಳಬೇಕು.